ಯುದ್ಧದ ಹಾಡು, ದೊಡ್ಡಮ್ಮನ ಭಜನೆ

ಮೊನ್ನೆ ಠಾಣೆಯ ನೌಪಾಡಾದ ಒಂದು ಸೀರೆ ಅಂಗಡಿಯಲ್ಲಿ ಆ ಹಾಡು ಮತ್ತೆ ಕೇಳಿಸಿತು. ಹೊಸ ಡ್ರಮ್ಮು, ಹೊಸ ಗಂಟಲು, ಅದೇ ಅಳು. ಕಿಟಕಿಗಳಿಗೆ ಕಪ್ಪು ಕಾಗದ ಅಂಟಿಸಿ ದೀಪ ಮರೆಮಾಡುತ್ತಿದ್ದ ಯುದ್ಧದ ದಿನಗಳಲ್ಲಿ ಬಂದ ಹಿಂದಿ ಹಾಡದು. ಗಡಿಗೆ ಹೊರಟ ಸಿಪಾಯಿಯ ರೈಲಿನ ಪಕ್ಕ ಓಡುತ್ತ ಒಬ್ಬ ಹುಡುಗಿ, ನೀನು ಬರುವ ತನಕ ಬಾಗಿಲು ಮುಚ್ಚುವುದಿಲ್ಲ ಎನ್ನುತ್ತಾಳೆ. ಅಷ್ಟೇ. ಆ ಸಿಪಾಯಿ ಬದುಕಿದ್ದರೆ ಈಗ ಮೊಮ್ಮಕ್ಕಳ ಮದುವೆ ಮುಗಿಸಿ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿರಬೇಕು. ಹಾಡಿಗೆ ಮಾತ್ರ ವಯಸ್ಸಾಗುವುದಿಲ್ಲ. ಗಣಪತಿ ಪೆಂಡಾಲಿನಲ್ಲಿ, ರಿಕ್ಷಾದಲ್ಲಿ, ಬ್ಯಾಂಕಿನ ಸಾಲಿನಲ್ಲಿ ನಿಂತವರ ಮೊಬೈಲಿನಲ್ಲಿ ಅದು ಇದ್ದೇ ಇರುತ್ತದೆ. ನಿಮಗೂ ಇಂಥದೊಂದು ಹಾಡು ಗಂಟುಬಿದ್ದಿರಬಹುದು. ನನ್ನ ಸಿಟ್ಟಿಗೆ ಕಾರಣವಿದೆ. ಅದು ನಮ್ಮ ದೊಡ್ಡಮ್ಮನ ಹಾಡನ್ನು ನುಂಗಿತು.

ಡೊಂಬಿವಲಿಯ ಚಾಳಿನಲ್ಲಿ, ಸಾಲುಮನೆಗಳ ನಡುವೆ, ನಮ್ಮದು ಎರಡು ಕೋಣೆಯ ಮನೆ. ಉಡುಪಿ ಕಡೆಯಿಂದ ಬಂದ ದೊಡ್ಡಪ್ಪ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್. ಶನಿವಾರ ಸಂಜೆ ಮನೆಯಲ್ಲಿ ಭಜನೆ. ಊದುಬತ್ತಿಯ ಹೊಗೆ, ಬೆಲ್ಲ ಬೆರೆಸಿದ ಅವಲಕ್ಕಿಯ ವಾಸನೆ, ಬಾಗಿಲಾಚೆಗೂ ಚಾಪೆ ಹಾಸಿ ಕೂತ ನೆರೆಯವರು. ದೊಡ್ಡಮ್ಮನಿಗೆ ಆ ಹಾಡಿನ ಧಾಟಿಯ ಹುಚ್ಚು. ದೇವರ ಮುಂದೆ ಪ್ರೇಮಗೀತೆ ಹಾಡುವಂತಿಲ್ಲವಲ್ಲ, ಅದಕ್ಕೆ ಸಿಪಾಯಿಯನ್ನು ಇಳಿಸಿ ಕೃಷ್ಣನನ್ನು ಹತ್ತಿಸಿದ್ದರು. ರೈಲಿನ ಬದಲು ಮಥುರೆಗೆ ಹೊರಟ ರಥ. ಶಬ್ದಗಳೆಲ್ಲ ಅವರದೇ, ಕನ್ನಡದಲ್ಲಿ. "ಕೃಷ್ಣನಿಗೆ ಗೊತ್ತಾಗುವುದಿಲ್ಲವಾ ಇದು ಎಲ್ಲಿಯ ಧಾಟಿ ಅಂತ?" ಎಂದು ದೊಡ್ಡಪ್ಪ ಕೆಣಕಿದರೆ, "ಅವನು ಹಿಂದಿ ಪಿಚ್ಚರ್ ನೋಡುವುದಿಲ್ಲ, ನೀವು ತಾಳ ಹಾಕಿ" ಎನ್ನುತ್ತಿದ್ದರು. ಭಜನೆಯ ಕ್ರಮ ನಿಮಗೆ ಗೊತ್ತು: ಒಬ್ಬರು ಹೇಳಿಕೊಡುತ್ತಾರೆ, ಉಳಿದವರು ಅದನ್ನೇ ಹಾಡುತ್ತಾರೆ. ವರ್ಷಗಟ್ಟಲೆ ಹಾಗೆ ಹಾಡಿದೆವು. ಸಾಲು ಪ್ರತಿ ಸಲವೂ ಅವರ ಬಾಯಿಂದ ಬರುತ್ತಿದ್ದುದರಿಂದ ನಮ್ಮಲ್ಲಿ ಯಾರೂ ಅದನ್ನು ಕಲಿಯಲೇ ಇಲ್ಲ.

ಚಾಳು ಹೋಯಿತು. ದೊಡ್ಡಮ್ಮನೂ ದೊಡ್ಡಪ್ಪನೂ ಕಾಮೋಠೆಯಲ್ಲಿದ್ದ ಮಗ ಸುಧಾಕರನ ಫ್ಲ್ಯಾಟಿಗೆ ಹೋದರು. ಕಳೆದ ಮಳೆಗಾಲದಲ್ಲಿ ದೊಡ್ಡಮ್ಮ ತೀರಿಕೊಂಡರು. ಉತ್ತರಕ್ರಿಯೆಯ ಸಂಜೆ ಅವರ ಭಜನೆಯನ್ನೇ ಹಾಡುವುದೆಂದು ಎಲ್ಲರೂ ಒಪ್ಪಿದೆವು. ಹಾರ್ಮೋನಿಯಂ ಧಾಟಿ ಹಿಡಿಯಿತು, ಸುಧಾಕರ ಬಾಯಿ ತೆರೆದ, ಬಂದದ್ದು ಹಿಂದಿ. ಹಳೆಯ ಅಭ್ಯಾಸ ನೋಡಿ, ಅವನು ಹಾಡಿದ್ದನ್ನು ನಾವೆಲ್ಲ ತಪ್ಪದೆ ಹಾಡಿದೆವು: ನೀನು ಬರುವ ತನಕ ಬಾಗಿಲು ಮುಚ್ಚುವುದಿಲ್ಲ. ಕ್ರಿಯೆ ಮುಗಿಸಿ ಚೀಲ ಕಟ್ಟುತ್ತಿದ್ದ ಭಟ್ಟರು ತಲೆ ಎತ್ತಿದರು. "ಬೆಳಿಗ್ಗೆಯಿಂದ ಕೂತು ಅವರನ್ನು ಕಳಿಸಿಕೊಟ್ಟದ್ದು ಮಾರಾಯ್ರೇ, ಪುನಃ ಕರೆಯುವುದು ಎಂತಕ್ಕೆ?"

ಅಜ್ಜಿ ಹಾಡುತ್ತಿದ್ದುದು ಇದನ್ನೇ ಅಲ್ಲವಾ ಎಂದು ಸುಧಾಕರನ ಮಗಳು ನನ್ನ ಕಿವಿಯಲ್ಲಿ ಹಿಂದಿಯಲ್ಲಿ ಕೇಳಿದಳು, "ಅತ್ತೆ, ಅಜ್ಜಿ ಯಹೀ ತೋ ಗಾತೀ ಥೀ ನಾ?"

"ಇದಲ್ಲ."

"ತೋ ಫಿರ್ ಕೌನ್ಸಾ?"

ಹಾಗಾದರೆ ಯಾವುದು? ಕಣ್ಣು ಮುಚ್ಚಿ ಹುಡುಕಿದೆ. ದೊಡ್ಡಮ್ಮನ ತುಟಿ ಕಂಡಿತು, ಕೇಳಿಸಿದ್ದು ಆ ಹುಡುಗಿಯ ಅಳು. ಇನ್ನಿಬ್ಬರು ಪ್ರಯತ್ನಿಸಿದರು, ಅವರ ಬಾಯಲ್ಲೂ ಸಿಪಾಯಿಯೇ.

ಆಗ ಗೋಡೆಗೆ ಒರಗಿದ್ದ ದೊಡ್ಡಪ್ಪ, ಜನ್ಮದಲ್ಲಿ ತಾಳ ಬಿಟ್ಟು ಬೇರೇನೂ ಹಿಡಿಯದವರು, ಒಡೆದ ದನಿಯಲ್ಲಿ ಹಾಡಿದರು: "ರಥ ನಿಲ್ಲಿಸೋ ಕೃಷ್ಣಾ, ಹಾಲು ಕಾಯಿಸಿಟ್ಟೆ." ನಾವು ಹಾಡಿದೆವು. ದೊಡ್ಡಪ್ಪ ಕೈ ತೋರಿ ನಿಲ್ಲಿಸಿದರು. "ಕೃಷ್ಣನಿಗೆ ಅಲ್ಲ ಅದು. ಲೋಕಲ್ ಟ್ರೈನು ತಪ್ಪುತ್ತದೆ ಅಂತ ನಾನು ಬೆಳಿಗ್ಗೆ ಹಾಲು ಕುಡಿಯದೆ ಓಡುತ್ತಿದ್ದೆನಲ್ಲ, ಅದಕ್ಕೆ ಶನಿವಾರ ಎಲ್ಲರೆದುರು ಅವಳು ನನ್ನನ್ನು ಬೈಯುತ್ತಿದ್ದದ್ದು." ಯಾರೋ ನಕ್ಕರು. ದೊಡ್ಡಪ್ಪನೂ ನಕ್ಕು, ಮುಂದಿನ ಸಾಲಿಗೆ ಬಾಯಿ ತೆರೆದರು. ನಾವು ಅವರ ಮುಖ ನೋಡುತ್ತ ಕಾದೆವು. ಸಾಲು ಬರಲಿಲ್ಲ. ಮತ್ತೆ ಅದೇ ಸಾಲನ್ನು ಹಾಡಿದರು, ನಾವೂ ಅದನ್ನೇ ಹಾಡಿದೆವು. ಮತ್ತೆ ಅದೇ. ಮಂಗಳ ಹಾಡಿ ಮುಗಿಸಬೇಕಾಗಿತ್ತು. ಶುರುಮಾಡಲು ಯಾರಿಗೂ ಬಾಯಿ ಬರಲಿಲ್ಲ.