ಬೋರಲು ಮಲಗಿಸುವ ವ್ಯಾಪಾರ

ಮಗಳ ಗಾಯ ಮಾಯುವ ಹೊತ್ತಿಗೆ ನನ್ನ ಕೈಯಿಂದ ಎರಡು ದೊಡ್ಡ ವ್ಯಾಪಾರ ಜಾರಿ ಹೋಗಿದ್ದವು. ಒಂದು, ಮಣ್ಣೂರಿನ ರೈತರೊಬ್ಬರಿಗೆ ಕೊಡಿಸಬೇಕಿದ್ದ ಎತ್ತಿನ ಜೋಡಿ. ಇನ್ನೊಂದು, ಜೇವರ್ಗಿಯಲ್ಲಿ ನನಗಾಗಿಯೇ ಕಾದಿದ್ದ ಎಮ್ಮೆ. ಎತ್ತು ಹೋದದ್ದು ನಾನು ಮನೆ ಬಿಟ್ಟು ಕದಲುವಂತಿರಲಿಲ್ಲ ಎಂಬ ಕಾರಣಕ್ಕೆ. ಎಮ್ಮೆ ಹೋದದ್ದು ನನ್ನ ಹಿಮ್ಮಡಿಯಿಂದ. ಎಮ್ಮೆಗೂ ಹಿಮ್ಮಡಿಗೂ ಏನು ಸಂಬಂಧ ಎಂಬುದನ್ನು ಮುಂದೆ ಹೇಳುತ್ತೇನೆ. ಔಷಧಿ, ಪಟ್ಟಿ, ಹತ್ತಿಗೆ ಆದ ಖರ್ಚು ಇವುಗಳ ಮುಂದೆ ಚಿಲ್ಲರೆ. ಗಾಯ ದುಡ್ಡು ತಿನ್ನುವುದು ಕಡಿಮೆ, ಮನೆಯವರ ಹೊತ್ತು ತಿನ್ನುವುದೇ ಜಾಸ್ತಿ.

ನಾನು ಆಳಂದದಲ್ಲಿ ದನದ ದಲಾಲಿ. ಬಜಾರದಲ್ಲಿ ಬೇರೆಯವರ ಎತ್ತಿನ ಹಗ್ಗ ಹಿಡಿದು ನಿಲ್ಲುವ ಕೂಲಿಯಿಂದ ಶುರು ಮಾಡಿ ಇಲ್ಲಿಯವರೆಗೆ ಬಂದಿದ್ದೇನೆ. ನಮ್ಮ ಧಂದೆಯಲ್ಲಿ ದರವನ್ನು ಬಾಯಿಂದ ಹೇಳುವುದಿಲ್ಲ. ಮಾರುವವನೂ ಕೊಳ್ಳುವವನೂ ಒಂದು ಟವೆಲ್ಲಿನ ಕೆಳಗೆ ಕೈ ಹಾಕಿ, ಒಬ್ಬರ ಬೆರಳು ಇನ್ನೊಬ್ಬರು ಹಿಡಿದು ಹಿಸುಕಿ ಮಾತು ಮುಗಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ.

ಮಗಳು ಆಗಷ್ಟೇ ಆರನೆಯ ತರಗತಿ ಮುಗಿಸಿದ್ದಳು. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ. ಕಾಲು ಆಡುವುದಿಲ್ಲ, ಸೊಂಟದ ಕೆಳಗೆ ಬಿಸಿ, ತಂಪು, ನೋವು ಯಾವುದೂ ತಿಳಿಯುವುದಿಲ್ಲ. ಸೊಂಟದ ಮೇಲಿರುವುದು, ಅದರಲ್ಲೂ ಬಾಯಿ, ಇಬ್ಬರಿಗಾಗುವಷ್ಟು ಚುರುಕು. ಬೇಸಿಗೆ ರಜೆಯಲ್ಲಿ ಅಫಜಲಪುರದ ಮದುವೆ ಮುಗಿಸಿ ಹೊರಟಾಗ ಟೆಂಪೋದ ಡ್ರೈವರ್, "ಕೂಸಿನ್ನ ಮುಂದ ಕೊಡ್ರಿ, ರಾಣಿಯಂಗ ಬರ್ತಾಳ" ಎಂದು ತನ್ನ ಪಕ್ಕದಲ್ಲಿ, ಇಂಜಿನ್ನಿನ ಮುಚ್ಚಳದ ಮೇಲೆ ಕೌದಿ ಮಡಚಿ ಹಾಕಿ ಕೂಡಿಸಿಕೊಂಡ. ಮಗಳು ಆಳಂದ ಬರುವವರೆಗೂ ಹಾಡುತ್ತಲೇ ಬಂದಳು. ಮರುದಿನ ಸ್ನಾನ ಮಾಡಿಸುವಾಗ ನನ್ನ ಹೆಂಡತಿ ಚೀರಿದ್ದು ಬೀದಿಗೆ ಕೇಳಿಸಿತು. ಕುಳಿತುಕೊಳ್ಳುವ ಜಾಗದಲ್ಲಿ ಇಂಜಿನ್ನಿನ ಕಾವಿಗೆ ಅಂಗೈಯಗಲ ಸುಟ್ಟು ಬೊಬ್ಬೆ ಎದ್ದಿತ್ತು. ಡ್ರೈವರನ ಮೇಲೆ ನನಗೆ ಇಂದಿಗೂ ಸಿಟ್ಟಿಲ್ಲ. ತನ್ನ ಗಾಡಿಯಲ್ಲಿದ್ದ ಚಲೋ ಜಾಗವನ್ನೇ ಅವನು ಕೊಟ್ಟಿದ್ದ.

ದವಾಖಾನೆಯಲ್ಲಿ ಡಾಕ್ಟರು ನೋಡಿ, ಈ ಗಾಯದ ಮೇಲೆ ಭಾರ ಬೀಳಬಾರದು, ಬಿದ್ದರೆ ಎಲುಬಿನವರೆಗೆ ಇಳಿಯುತ್ತದೆ, ಆಮೇಲೆ ಕಲಬುರಗಿಗೆ ಹೋಗಿ ಕೊಯ್ಯಿಸಬೇಕಾಗುತ್ತದೆ ಎಂದರು. ಕೂಡುವಂತಿಲ್ಲ, ಅಂಗಾತ ಮಲಗುವಂತಿಲ್ಲ. ಬೋರಲು, ಇಲ್ಲವೇ ಮಗ್ಗುಲಲ್ಲಿ. ನಾನು ನರ್ಸಮ್ಮನ ಹತ್ತಿರ ಸರಿದೆ.

"ಎಷ್ಟರಾಗ ಮಾಯ್ತದ್ರಿ ಸಿಸ್ಟರ್?"

"ಎರಡ ತಿಂಗಳರೆ ಹಿಡೀತದ."

"ಎರಡು ಭಾಳ ಆತ್ರಿ. ಒಂದಕ್ಕ ಮುಗಸ್ರಿ."

"ಇದೇನ್ ಎಮ್ಮಿ ಅಂತ ತಿಳಿದೀರೇನ್ರಿ?"

"ನಿಮ್ಮದೂ ಬ್ಯಾಡ, ನನ್ನದೂ ಬ್ಯಾಡ. ಒಂದೂವರಿ."

ಆಕೆ ನನ್ನ ಹೆಂಡತಿಯ ಕಡೆ ತಿರುಗಿ, "ಯಕ್ಕಾ, ಇವರನ್ನ ಹೊರಗ ಕೂಡಸ್ರಿ" ಎಂದಳು.

ಗಾಯ ತೊಳೆದು ಪಟ್ಟಿ ಕಟ್ಟುವುದನ್ನು ಹೆಂಡತಿ ಕಲಿತುಕೊಂಡಳು. ಆ ಹೊತ್ತಿಗೆ ಕೋಣೆಯ ಬಾಗಿಲು ಮುಚ್ಚಿರುತ್ತಿತ್ತು, ನಾನು ಹೊರಗೆ. ಅದು ಮಗಳ ಕಟ್ಟಪ್ಪಣೆ. ನನಗೆ ಬಂದ ಕೆಲಸ ಒಂದೇ: ಹೆಂಡತಿ ಅಂಗನವಾಡಿ ಕೆಲಸಕ್ಕೆ ಹೋದಾಗ ಮಗಳು ಏಳದ ಹಾಗೆ ನೋಡಿಕೊಳ್ಳುವುದು. ಪುಂಡ ಹೋರಿಗೆ ಮೂಗುದಾರ ಹಾಕಿದ ಮನುಷ್ಯ ನಾನು, ಇದೇನು ಮಹಾ ಎಂದುಕೊಂಡೆ.

"ಶಾಲಿ ಶುರು ಆಗೂ ತನಾ ನಾ ಹಿಂಗ ಹಲ್ಲಿಯಂಗ ಬಿದ್ದಿರಬೇಕೇನು?" ಎಂದು ಮೊದಲ ದಿನವೇ ಕೈಯೂರಿ ಎದ್ದು ಕೂಡಲು ನೋಡಿದಳು. ಶಾಲೆ ತೆರೆಯುವ ದಿನ ತನ್ನ ಗಾಲಿಕುರ್ಚಿಯಲ್ಲಿ ಮುಂದಿನ ಸಾಲಿನಲ್ಲಿರಬೇಕು, ಇಲ್ಲದಿದ್ದರೆ ಆ ಜಾಗಕ್ಕೆ ಬೆಂಚು ಎಳೆದುಬಿಡುತ್ತಾರೆ ಎಂಬುದು ಅವಳ ಚಿಂತೆ. ಬೈದೆ, ನಡೆಯಲಿಲ್ಲ. ಪುಸಲಾಯಿಸಿದೆ, ನಡೆಯಲಿಲ್ಲ. ಕಡೆಗೆ ಹೆಗಲ ಮೇಲಿನ ಟವೆಲ್ ತೆಗೆದು ಅವಳ ಕೈಯ ಮೇಲೆ ಹಾಸಿದೆ. ಅವಳ ಕಣ್ಣು ಮಿಂಚಿದವು.

ಒಂದು ಬೆರಳಿಗೆ ಅರ್ಧ ತಾಸು. ಆ ಅರ್ಧ ತಾಸು ಬೋರಲು ಮಲಗಿದ್ದಕ್ಕೆ ಏನು ಕೊಡುತ್ತೀ ಎಂಬುದು ಅವಳ ಪ್ರಶ್ನೆ. ಮೊಬೈಲು, ಶೇಂಗಾ ಉಂಡಿ, ಮಲಗಿದ್ದ ಹೊರಸನ್ನು ಬೀದಿಯ ಕಿಟಕಿಗೆ ತಿರುಗಿಸುವುದು, ನಾನು ಕುಂಟೆಬಿಲ್ಲೆ ಆಡಿ ತೋರಿಸುವುದು. ನಾನು ನಾಲ್ಕು ಬೆರಳು ಹಿಡಿದರೆ ಅವಳು ಮೂರನ್ನು ಬಿಡಿಸಿಕೊಳ್ಳುತ್ತಿದ್ದಳು. ಮಾತು ಒಪ್ಪದಿದ್ದರೆ ಅಂಗೈಗೆ ಚಿವುಟುತ್ತಿದ್ದಳು, ಬಜಾರದಲ್ಲಿ ಯಾರೂ ಹಾಗೆ ಮಾಡುವುದಿಲ್ಲ. ಒಂದು ವಾರವಾಗುವಷ್ಟರಲ್ಲಿ, "ಅಪ್ಪಾ, ನಿನ್ನ ಕಡೀ ದರ ಬಂದಾಗ ನಿನ್ನ ಹೆಬ್ಬೆರಳು ಬೆವರ್ತದ" ಎಂದಳು. ಇಷ್ಟು ವರ್ಷ ಬಜಾರದಲ್ಲಿ ಯಾರಿಗೆಲ್ಲ ಇದು ಗೊತ್ತಿತ್ತೋ ಎಂದು ನನಗೆ ಅವತ್ತು ನಿದ್ದೆ ಬರಲಿಲ್ಲ.

ಆಮೇಲೆ ಬೀಗರು, ಬಿಜ್ಜರು ಬರತೊಡಗಿದರು. ಬಂದವರಿಗೆಲ್ಲ ಗಾಯ ನೋಡಬೇಕು. ಮಟಕಿಯಿಂದ ನನ್ನ ಹೆಂಡತಿಯ ಸೋದರಮಾವ, ವರಸೆಯಲ್ಲಿ ಮಗಳಿಗೆ ಅಜ್ಜ, ಬಂದು, ಇನ್ನೂ ಚಪ್ಪಲಿ ಬಿಡುತ್ತಲೇ, "ಎಲ್ಲದ, ತೋರ್ಸು ಬೇ, ನೋಡಾಕಂತ ಬಂದೇನಿ" ಎಂದರು.

"ನೋಡ್ರಿ ಮುತ್ಯಾ, ಮಾರಿ ಈ ಕಡೀನೇ ಅದ" ಎಂದು ಮಗಳು ಮುಖ ಎತ್ತಿ ತೋರಿಸಿದಳು.

"ಮಾರಿ ಅಲ್ಲ, ಗಾಯ."

"ಅದಕ್ಕ ಬ್ಯಾರೆ ದರ ಅದ. ಚಹಾ ಬರೂ ತನಾ ನನ್ನ ಬಾಜೂಕ ಬೋರಲ ಮಲ್ಕೋರಿ. ಏಳಬಾರದು, ಹೊಳ್ಳಬಾರದು. ಆಮ್ಯಾಲ ವಿಚಾರ ಮಾಡ್ತೇನಿ."

ಮುತ್ಯಾ ನಕ್ಕು ಚಾಪೆಯ ಮೇಲೆ ಮಲಗಿಯೇ ಬಿಟ್ಟರು. ಸ್ವಲ್ಪ ಹೊತ್ತಿಗೆ "ಕುತಗಿ ಹಿಡೀತು" ಎಂದರು. ಇನ್ನೂ ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಎದ್ದಾಗ ಬಸ್ಸು ಹೋಗಿತ್ತು, ಗಾಯ ನೋಡುವ ಮಾತೂ ಮರೆತುಹೋಗಿತ್ತು. ಈ ಸುದ್ದಿ ಹಬ್ಬಿದ ಮೇಲೆ ನೋಡಲು ಬರುವವರು ಬಾಗಿಲಲ್ಲೇ ನಿಂತು ಬಾಳೆಹಣ್ಣು ಕೊಟ್ಟು ಹೋಗತೊಡಗಿದರು.

ಆದರೆ ಯಡ್ರಾಮಿಯ ದೊಡ್ಡವ್ವ ಹಾಗೆ ಹೋಗುವವಳಲ್ಲ. ನನ್ನ ತಾಯಿಯ ಅಕ್ಕ. ಗಂಡ ತೀರಿದ ಮೇಲೆ ತಾನೇ ಬಜಾರಕ್ಕೆ ಬಂದು ಟವೆಲ್ ಕೆಳಗೆ ಕೈ ಹಾಕಿ ಎತ್ತು ಕೊಂಡ ಹೆಂಗಸು. ನಾನು ಧಂದೆ ಶುರು ಮಾಡಿದಾಗ ಮೊದಲ ಕರು ಕೊಟ್ಟವಳೂ ಅವಳೇ, ಅವಳ ಮಾತು ಮೀರುವ ಧೈರ್ಯ ನನಗಿಲ್ಲ. ಒಂದು ಡಬ್ಬಿ ತುಂಬ ಕರಿ ಮುಲಾಮು ತಂದಿದ್ದಳು. ಸುಣ್ಣ, ತಂಬಾಕು, ಇನ್ನೂ ಏನೇನೋ ಬೇರು.

"ಆ ಉಪ್ಪು ನೀರಿಲೆ ತೊಳದ್ರ ಗಾಯ ಮಾಯ್ತದೇನೋ? ಹಚ್ಚಿ ಬಿಡ್ತೇನಿ, ತಗಿ ಪಟ್ಟಿ."

ಹೆಂಡತಿ ನನ್ನ ಮುಖ ನೋಡಿದಳು. ಗಾಯ ಆಗಷ್ಟೇ ಅಂಚಿನಿಂದ ಕೆಂಪಗೆ ಕೂಡಿಕೊಳ್ಳುತ್ತಿತ್ತು. ಆ ಮುಲಾಮು ಬಿದ್ದು ಒಳಗೆ ಸುಟ್ಟರೆ ಮಗಳಿಗೆ ತಿಳಿಯುವುದಿಲ್ಲ. ಇದನ್ನು ಹೇಳಲು ಬಾಯಿ ತೆರೆದೆ, ದೊಡ್ಡವ್ವನ ಕಣ್ಣು ನೋಡಿ ಮುಚ್ಚಿದೆ.

ಮಗಳು, "ಅಪ್ಪಾ, ಟವೆಲ್ ಕೊಡು" ಎಂದಳು. ದೊಡ್ಡವ್ವನನ್ನು ಹತ್ತಿರ ಕರೆದು ಕಿವಿಯಲ್ಲಿ ಏನೋ ಊದಿದಳು. ಇಬ್ಬರೂ ಕೈ ಹಾಕಿದರು. ದೊಡ್ಡವ್ವನ ಹುಬ್ಬು ಏರಿತು, ಇಳಿಯಿತು. ಮಗಳು ತುಟಿ ಕಚ್ಚಿದಳು. ಕೊನೆಗೆ ದೊಡ್ಡವ್ವ ಹೋ ಎಂದು ನಕ್ಕು ಟವೆಲ್ ಎತ್ತಿ, "ಆತು, ಸೌದಾ ಮುಗೀತು. ಕಾಲ್ ಚಾಚಲೇ" ಎಂದಳು. ನನಗೆ.

ನನ್ನ ಒಡೆದ ಹಿಮ್ಮಡಿಗೆ ಮೊದಲು ಹಚ್ಚಬೇಕು, ಅದು ಮಾಯ್ದರೆ ಆಮೇಲೆ ಮಗಳಿಗೆ. ಇದು ಸೌದಾ. ಎಷ್ಟೋ ದನ ಮಾರಿದ್ದೇನೆ, ನನ್ನನ್ನೇ ಮಾರಿದ್ದು ಅದೇ ಮೊದಲು.

ಹಚ್ಚಿದ ಗಳಿಗೆಗೆ ಅಂಗಳಕ್ಕೆ ಹಾರಿದೆ. ಬೆಳಗಾಗುವಷ್ಟರಲ್ಲಿ ಹಿಮ್ಮಡಿ ಊದಿ ಚಪ್ಪಲಿಗೆ ಹಿಡಿಸದಾಯಿತು. ಜೇವರ್ಗಿಯ ಎಮ್ಮೆಯನ್ನು ಇನ್ನೊಬ್ಬ ಹೊಡೆದುಕೊಂಡು ಹೋದ.

"ನಿನ್ನ ಚರ್ಮಾನೇ ಕೆಟ್ಟದ್ದದ. ಔಷಧ ಚಲೋನೇ ಅದ" ಎಂದಳು ದೊಡ್ಡವ್ವ. ನಾನು ಕುಂಟುವುದನ್ನು ನೋಡಿದಳು. ಆಮೇಲೆ ದನಿ ಇಳಿಸಿ, "ನಿನಗ ಉರೀತು, ನೀ ಹೊಯ್ಕೊಂಡಿ. ಆ ಕೂಸಿಗೆ ಉರದ್ರ ಯಾರಿಗೆ ಗೊತ್ತಾಗ್ತದಲೇ?" ಎಂದು ಡಬ್ಬಿಯ ಮುಚ್ಚಳ ಒತ್ತಿದಳು. ಒಂದೆರಡು ದಿನಕ್ಕೆಂದು ಬಂದವಳು ಯಡ್ರಾಮಿಗೆ ಹೋಗಲೇ ಇಲ್ಲ. ಮಗಳ ಪಕ್ಕ ಚಾಪೆ ಹಾಸಿ ತಾನೂ ಬೋರಲು ಮಲಗಿ, ಊರಿನ ಹೆಂಗಸರ ಜಗಳಗಳನ್ನು ಒಂದೂ ಬಿಡದೆ ಹೇಳಿದಳು. ಮಗಳಿಗೆ ಏಳುವ ನೆನಪೇ ಬರಲಿಲ್ಲ.

ನನ್ನ ಒಂದೂವರೆಯೂ ಅಲ್ಲ, ನರ್ಸಮ್ಮನ ಎರಡೂ ಅಲ್ಲ, ಗಾಯ ಮೂರು ತಿಂಗಳು ತೆಗೆದುಕೊಂಡಿತು. ಶಾಲೆ ಎಂದೋ ಶುರುವಾಗಿತ್ತು, ಮುಂದಿನ ಸಾಲಿಗೆ ಬೆಂಚೂ ಬಂದಿತ್ತು. ನರ್ಸಮ್ಮ, ಚರ್ಮ ಕೂಡಿದೆ, ಆದರೆ ಇನ್ನೂ ಎಳೆಯದು, ಮೊದಮೊದಲು ಒಂದು ಪಿರಿಯಡ್ಡಿನಷ್ಟು ಹೊತ್ತು ಮಾತ್ರ ಕೂಡಿಸಿ ಎಂದಳು. ಮಗಳು ಶಾಲೆಗೆ ಹೋದ ದಿನವೇ ಮಾಸ್ತರರ ಹತ್ತಿರ ಮಾತಾಡಿ ಬೆಂಚು ಹಿಂದೆ ಸರಿಸಿದಳು. ಪಿರಿಯಡ್ ಮುಗಿದು ಕರೆತರಲು ಹೋದರೆ, "ಇನ್ನೊಂದ್ ಪಿರಿಯಡ್ ಅಪ್ಪಾ" ಎಂದು ಕೈ ಚಾಚಿದಳು. ನಾನು ಕೈ ಕೊಡಲಿಲ್ಲ, ಕುರ್ಚಿ ತಿರುಗಿಸಿಕೊಂಡು ಮನೆಗೆ ಬಂದೆ. ದಾರಿಯುದ್ದಕ್ಕೂ ಬೈಸಿಕೊಂಡೆ.

ನಿಮ್ಮ ಮನೆಯಲ್ಲೂ ಇಂಥ ಮಗುವಿದ್ದರೆ ನಾಲ್ಕು ಮಾತು ಕೇಳಿಕೊಳ್ಳಿ. ಅರಿವಿಲ್ಲದ ಜಾಗವನ್ನು ದಿನಾ ಸ್ನಾನದ ಹೊತ್ತಿಗೆ ಕಣ್ಣಿಂದ ನೋಡಿ, ಮಗು ಹೇಳಲಿ ಎಂದು ಕಾಯಬೇಡಿ. ಎಲ್ಲಿಯಾದರೂ ಕೂಡಿಸುವ ಮೊದಲು ನಿಮ್ಮ ಅಂಗೈ ಇಟ್ಟು ಬಿಸಿ ಪರೀಕ್ಷಿಸಿ. ಪಟ್ಟಿ ಕಟ್ಟುವವರು ಕೈ ತೊಳೆದುಕೊಳ್ಳಲಿ, ದವಾಖಾನೆಯವರು ಹೇಳಿದ್ದನ್ನು ಬಿಟ್ಟು ಬೇರೇನೂ ಹಚ್ಚಬೇಡಿ. ನಾತ ಬಂದರೆ, ಕಪ್ಪಾದರೆ, ಮೈ ಬಿಸಿಯಾದರೆ ಅವತ್ತೇ ಹೋಗಿ ತೋರಿಸಿ. ಗಾಯವನ್ನು ಯಾರು ನೋಡಬೇಕು ಎಂಬುದನ್ನು ಮಗುವೇ ಹೇಳಲಿ. ಹೊಟ್ಟೆಗೆ ಬೇಳೆ, ಹೆಸರುಕಾಳು, ಮೊಸರು ಕಡಿಮೆ ಮಾಡಬೇಡಿ. ಬೋರಲು ಮಲಗಿಸಿದಾಗ ಮೊಣಕಾಲು, ಕಾಲ್ಬೆರಳುಗಳನ್ನೂ ನೋಡುತ್ತಿರಿ, ಅಲ್ಲಿಯೂ ಹುಣ್ಣಾಗುತ್ತದೆ. ಮತ್ತೆ ದಿಂಬನ್ನು ಗಲ್ಲದ ಕೆಳಗೆ ಇಡಬೇಡಿ, ಎದೆಯ ಕೆಳಗಿಡಿ. ಆಗ ಕೈ ಬಿಡುವಾಗಿರುತ್ತದೆ, ಮಗು ತಾನೇ ರೊಟ್ಟಿ ಮುರಿದು ತಿನ್ನಬಹುದು.