ಇಪ್ಪತ್ತಮೂರನೇ ಸೆಕೆಂಡನ್ನು ಬಿಟ್ಟುಕೊಡದ ಜುಲ್ಮೀರಾ

ಬೆಳಗಿನ ಆರೂಮುಕ್ಕಾಲು. ತೇಜೊ ನದಿಯ ಈಚೆ ದಡದ ಬರೈರು ಪಟ್ಟಣದಿಂದ ಮೊದಲ ದೋಣಿಗಳು ಆಗಲೇ ಲಿಸ್ಬನ್ನಿಗೆ ಹೊರಟಿವೆ. ಚಪ್ಪಲಿ ಅಂಗಡಿಯ ಮೇಲಿನ ಕಚೇರಿಯಲ್ಲಿ ಜುಲ್ಮೀರಾ ಕಜೈರು ಕಿಟಕಿಗೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಾರೆ. ಗಾಜಿನ ಮೇಲೆ ಎರಡು ತೆಳು ಕಾಗದಗಳನ್ನು ಒಂದರ ಮೇಲೊಂದು ಅಂಟಿಸಿದ್ದಾರೆ. ಒಂದರಲ್ಲಿ ನೆಲ ಸರಿದಾಡಿದ ಗೆರೆ, ಇನ್ನೊಂದರಲ್ಲಿ ಅದರ ಮೇಲಿನ ಮಹಡಿ ಸರಿದಾಡಿದ ಗೆರೆ. ಹುಟ್ಟುತ್ತಿರುವ ಬಿಸಿಲು ಎರಡನ್ನೂ ತೂರಿ ಬರುತ್ತದೆ. ಐವತ್ತೆಂಟರ ಈ ಹೆಂಗಸು ಕೈವಾರ ಹಿಡಿದು ಗೆರೆಗಳ ನಡುವಿನ ಅಂತರ ಅಳೆಯುತ್ತಾ ಬಲಕ್ಕೆ ಸರಿಯುತ್ತಿದ್ದಾರೆ.

ಈ ಗೆರೆಗಳ ಭೂಕಂಪ ಇಲ್ಲಿ ಇನ್ನೂ ಆಗಿಲ್ಲ. ಹಿಂದೆಂದೋ ಬೇರೆ ಕಡೆ ದಾಖಲಾದ ಕಂಪನವನ್ನು ಕಂಪ್ಯೂಟರಿನಲ್ಲಿ ಒಂದು ಕಟ್ಟಡದ ಬುಡಕ್ಕೆ ಕೊಟ್ಟು, ಯಾವ ಮಹಡಿ ಯಾವ ಕ್ಷಣದಲ್ಲಿ ಎಷ್ಟು ಸರಿಯಿತು ಎಂದು ನೋಡುತ್ತಾರೆ. ನಲವತ್ತು ಸೆಕೆಂಡಿನ ಕಂಪನ, ಸೆಕೆಂಡಿಗೆ ನೂರು ಲೆಕ್ಕ. ಒಂದು ಮಹಡಿಗೆ ನಾಲ್ಕು ಸಾವಿರ ಅಂಕಿ. ಒಂದು ಕಟ್ಟಡಕ್ಕೆ ಇಂಥ ಏಳು ಕಂಪನ. ಬೇರೆ ಸಂಸ್ಥೆಗಳು ಮಾಡಿದ ಲೆಕ್ಕವನ್ನು ಪರಿಶೀಲಿಸುವುದು ಈ ಕಚೇರಿಯ ಕೆಲಸ. ಗೆರೆಗಳನ್ನು ಓದುವುದು ಜುಲ್ಮೀರಾ ಪಾಲಿನದು.

"ಕಳೆಯೋ ಲೆಕ್ಕವನ್ನ ಕಂಪ್ಯೂಟರೇ ಮಾಡುತ್ತಲ್ಲ, ಕಿಟಕಿ ಯಾಕೆ?" ಎಂದು ಅವರ ಬಗ್ಗೆ ಬರೆಯಲು ಬಂದ ನಾನು ಕೇಳಿದರೆ ನಗುತ್ತಾರೆ. "ಕಳಿ ಅಂದ್ರೆ ಕಳೆಯುತ್ತೆ. ಯಾವುದರಿಂದ ಯಾವುದನ್ನ, ಯಾವಾಗ ಅಂತ ಹೇಳೋರು ಬೇಕಲ್ಲ? ಅದು ಹೇಳಿದ್ದನ್ನ ಮಾಡುತ್ತೆ, ಪಾಪ. ನನ್ನ ಗಂಡನಿಗಿಂತ ವಾಸಿ."

ಅವರಿಗೆ ಪದವಿಯಿಲ್ಲ. ದೋಣಿಕಟ್ಟೆಯಲ್ಲಿ ಹನ್ನೊಂದು ವರ್ಷ ಟಿಕೆಟ್ ನೋಡಿದವರು. ಗಂಡನ ಕಾರ್ಖಾನೆ ಮುಚ್ಚಿದಾಗ ಮೂವತ್ತಾರನೇ ವಯಸ್ಸಿನಲ್ಲಿ, ಇಬ್ಬರು ಮಕ್ಕಳನ್ನು ಅತ್ತೆಯ ಬಳಿ ಬಿಟ್ಟು, ನಕ್ಷೆ ಬರೆಯುವ ತರಗತಿಗೆ ಸೇರಿದರು. ಈ ಊರಿನಲ್ಲಿ ಪದವಿಯಿದ್ದವರನ್ನು 'ಎಂಜಿನಿಯರ್ ಸಾಹೇಬರೇ' ಎನ್ನುತ್ತಾರೆ, ಇಲ್ಲದವರು 'ಡೋನಾ ಜುಲ್ಮೀರಾ', ಅಂದರೆ ಬರೀ 'ಜುಲ್ಮೀರಾ ಅಮ್ಮ' ಆಗಿಯೇ ನಿವೃತ್ತರಾಗುತ್ತಾರೆ. ಮೇಜು ಒಂದೇ ಆದರೂ ಕರೆಯುವ ದನಿಯಲ್ಲೇ ಯಾರು ಎಲ್ಲಿ ಕೂರಬೇಕೆಂಬುದು ತಿಳಿದುಬಿಡುತ್ತದೆ.

ಹೋದ ವಸಂತದಲ್ಲಿ ಅವರ ಮೇಜಿಗೆ ಬಂದದ್ದು ಊರಿನದೇ ಒಂದು ಶಾಲೆಯ ಕಡತ. ನಾಲ್ಕು ಮಹಡಿ, ಮುನ್ನೂರ ಹತ್ತು ಮಕ್ಕಳು. ಕೆಳಗೆ ಗೋಡೆಗಳಿಲ್ಲ, ಮಳೆ ಬಂದರೆ ಮಕ್ಕಳು ಆಡಲೆಂದು ಬರೀ ಕಂಬಗಳ ಮೇಲೆ ನಿಲ್ಲಿಸಿದ ಕಟ್ಟಡ. ರಿಪೇರಿಗೆಂದು ಮುಚ್ಚಿದ್ದು, ಸೆಪ್ಟೆಂಬರಿನಲ್ಲಿ ತೆರೆಯಬೇಕಿತ್ತು. ಲಿಸ್ಬನ್ನಿನ ಸಂಸ್ಥೆಯೊಂದು ಲೆಕ್ಕ ಮಾಡಿ, ಚಿಂತೆಯಿಲ್ಲ ಎಂದು ಬರೆದಿತ್ತು. ಜುಲ್ಮೀರಾ ಅದಕ್ಕೆ ಒಪ್ಪಿಗೆಯ ಸಹಿ ಹಾಕಲಿಲ್ಲ.

ಸಂಸ್ಥೆಯ ಎಂಜಿನಿಯರ್ ತಬೋರ್ದಾ ಖುದ್ದಾಗಿ ಬಂದರು. "ಡೋನಾ ಜುಲ್ಮೀರಾ, ನೆಲ ಹೆಚ್ಚೆಂದರೆ ಹದಿಮೂರು ಸೆಂಟಿಮೀಟರ್ ಸರಿಯುತ್ತೆ, ಮೇಲಿನ ಮಹಡಿ ಹದಿನಾಲ್ಕು. ಕಳೆದ್ರೆ ಒಂದು. ಕಂಬ ಎರಡೂವರೆಯವರೆಗೆ ತಡೆಯುತ್ತೆ. ಇದರಲ್ಲಿ ಯೋಚಿಸೋಕೆ ಏನಿದೆ?"

"ಹದಿಮೂರು ಯಾವ ಸೆಕೆಂಡಲ್ಲಿ, ಎಂಜಿನಿಯರ್ ಸಾಹೇಬ್ರೇ? ಹದಿನಾಲ್ಕು ಯಾವ ಸೆಕೆಂಡಲ್ಲಿ?"

ತಬೋರ್ದಾ ಪುಟ ತಿರುವಿದರು. ಕೋಷ್ಟಕದಲ್ಲಿ ಸೆಕೆಂಡುಗಳೇ ಇರಲಿಲ್ಲ, ಬರೀ ಗರಿಷ್ಠ ಅಂಕಿಗಳು.

"ನೆಲ ಎಲ್ಲಿಗೆ ಹೋಯ್ತು ಅನ್ನೋದು ಕಂಬಕ್ಕೆ ಬೇಕಿಲ್ಲ," ಎಂದರು ಜುಲ್ಮೀರಾ. "ಅದರ ಕಾಲು ಒಂದು ಕಡೆ, ತಲೆ ಇನ್ನೊಂದು ಕಡೆ ಎಷ್ಟು ಎಳೆದಾಡ್ತು ಅನ್ನೋದು ಬೇಕು. ಇಪ್ಪತ್ತಮೂರನೇ ಸೆಕೆಂಡು ನೋಡಿ. ನೆಲ ನಾಲ್ಕು ಸೆಂಟಿಮೀಟರ್ ಎಡಕ್ಕೆ. ಮಹಡಿ ಎರಡು ಬಲಕ್ಕೆ. ಎರಡೂ ಅವುಗಳ ಗರಿಷ್ಠದ ಅರ್ಧಾನೂ ಇಲ್ಲ, ಅದಕ್ಕೇ ನಿಮ್ಮ ಕಣ್ಣಿಗೆ ಬಿದ್ದಿಲ್ಲ. ಕಂಬಕ್ಕೆ ಮಾತ್ರ ಆರು."

ಇದು ಅವರಿಗೆ ದೋಣಿಕಟ್ಟೆ ಕಲಿಸಿದ ಪಾಠ. ಅಲ್ಲಿ ಕಟ್ಟೆಯೂ ನೀರಿನ ಮೇಲೆ ತೇಲುವಂಥದ್ದು. "ದೊಡ್ಡ ಅಲೆಗೆ ಜನ ಬೀಳಲ್ಲ. ದೋಣಿ, ಕಟ್ಟೆ ಎರಡೂ ಒಟ್ಟಿಗೆ ಏಳ್ತವೆ, ಒಟ್ಟಿಗೆ ಇಳೀತವೆ. ಅಲೆ ಅಡಗ್ತಾ ಬಂದು, ಇದು ಏಳುವಾಗ ಅದು ಇಳೀತು ನೋಡಿ, ಆಗ ಕಾಲು ಮುರಿಯೋದು. ಕಣ್ಣಾರೆ ನೋಡಿದೀನಿ."

ತಬೋರ್ದಾ ಒಪ್ಪಲಿಲ್ಲ. ಇದು ಎಂಜಿನಿಯರುಗಳ ವಿಷಯ ಎಂದು ಎದ್ದು ಹೋದರು. ಹತ್ತೊಂಬತ್ತು ದಿನ ಕಡತ ಅಲ್ಲಾಡಲಿಲ್ಲ. ಪರಿಶೀಲನೆಯ ಕೆಲಸವನ್ನು ಬೇರೆ ಕಚೇರಿಗೆ ಕೊಡುವುದಾಗಿ ಸಂಸ್ಥೆಯಿಂದ ಪತ್ರ ಬಂತು. ಕಚೇರಿಯ ಯಜಮಾನ ಇಲೀದಿಯು ಒಳ್ಳೆಯ ಮನುಷ್ಯ, ಆದರೆ ಹೆದರಿದರು. "ಸ್ವಲ್ಪ ಮೆತ್ತಗೆ ಬರೀರಿ ಮಾರಾಯ್ರೆ. 'ಇನ್ನೊಮ್ಮೆ ನೋಡಬಹುದು' ಅಂತ."

"ನೋಡಬಹುದು ಅಂತ ಬರೆದ್ರೆ ಯಾರೂ ನೋಡಲ್ಲ. ನನ್ನ ಕುರ್ಚಿ ಬೇಕಾದ್ರೆ ತಗೊಳ್ಳಿ, ಸಹಿ ಕೇಳಬೇಡಿ."

ಆ ದಿನಗಳಲ್ಲಿ ಉಳಿದ ಆರು ಕಂಪನಗಳನ್ನೂ ಅವರು ಕಿಟಕಿಗೆ ಅಂಟಿಸಿದರು. ಏಳರಲ್ಲಿ ಐದು ಕಡೆ ಅಂತರ ಆರು ಸೆಂಟಿಮೀಟರಿನ ಆಸುಪಾಸು. ಐದನ್ನೂ ಇಲೀದಿಯು ತಾವೇ ಅಳೆದು ನೋಡಿದರು, ಆಮೇಲೆ ಇವರ ಪಕ್ಕದಲ್ಲೇ ಸಹಿ ಹಾಕಿ ಸಂಸ್ಥೆಗೆ ಕಳಿಸಿದರು. ಇಪ್ಪತ್ತನೇ ದಿನ ಲಿಸ್ಬನ್ನಿನಿಂದ ತಿದ್ದಿದ ವರದಿ ಬಂತು: ಆರು ಪಾಯಿಂಟ್ ಒಂದು. ಕ್ಷಮೆಯ ಮಾತಿಲ್ಲ, ಜುಲ್ಮೀರಾ ಹೆಸರೂ ಇಲ್ಲ. ಕಂಬಗಳ ನಡುವೆ ಹೊಸ ಗೋಡೆ ಎಬ್ಬಿಸುವವರೆಗೆ, ಅಂದರೆ ಒಂದು ವರ್ಷ, ಶಾಲೆ ತೆರೆಯುವಂತಿಲ್ಲ ಎಂದು ಆದೇಶವಾಯಿತು.

ಹೆಸರು ಪುಟದಲ್ಲಿ ಬರದಿದ್ದರೂ ಊರಿಗೆ ಗೊತ್ತಾಯಿತು. ಚಪ್ಪಾಳೆ ತಟ್ಟಲು ಯಾರೂ ಬರಲಿಲ್ಲ. ಶನಿವಾರ ಮಾರುಕಟ್ಟೆಯಲ್ಲಿ ನಾನೂ ಜೊತೆಗಿದ್ದೇನೆ. ಮೀನಿನ ಗ್ರಸಿಂದಾ ಸಾರ್ಡೀನುಗಳನ್ನು ತಕ್ಕಡಿಗೆ ಎಸೆಯುವ ರಭಸಕ್ಕೇ ಕೋಪ ತಿಳಿಯುತ್ತದೆ.

"ಒಂದು ಸೆಕೆಂಡಿಗೋಸ್ಕರ ಒಂದು ವರ್ಷ ಬಾಗಿಲು ಹಾಕಿಸಿದ್ಯಲ್ಲೇ ಮಹಾತಾಯಿ! ನನ್ನ ಮಗಳು ಪಕ್ಕದೂರಿನ ಶಾಲೆಗೆ ದಿನಾ ಎರಡು ಬಸ್ಸು ಹತ್ತಬೇಕು. ಆಗದೇ ಇರೋ ಭೂಕಂಪಕ್ಕೆ!"

"ಆಗದೇ ಇದ್ರೆ ಒಳ್ಳೇದೇ ಆಯ್ತು. ನನ್ನನ್ನ ಹುಚ್ಚಿ ಅನ್ನು."

"ಅಂತಾನೇ ಇದೀನಿ! ಊರೆಲ್ಲ ಅಂತಿದೆ."

ಜುಲ್ಮೀರಾ ಚೀಲ ಬಿಡಿಸಿ ಹಿಡಿಯುತ್ತಾರೆ. ಸುತ್ತಲಿನ ನಾಲ್ಕು ಜನಕ್ಕೂ ಕೇಳುವಷ್ಟು ಜೋರಾಗಿ ಹೇಳುತ್ತಾರೆ:

"ಅನ್ನಿ. ಇನ್ನು ಇಪ್ಪತ್ತು ವರ್ಷ ಅನ್ನು, ಗ್ರಸಿಂದಾ. ನಿನ್ನ ಮಗಳು ದೊಡ್ಡವಳಾಗಿ, ಇದೇ ಮೀನಿನ ಕಟ್ಟೆ ಹಿಂದೆ ನಿಂತು, ನಿನಗಿಂತ ಕೆಟ್ಟದಾಗಿ ನನ್ನ ಬೈಯಬೇಕು. ನನಗೆ ಬೇಕಾಗಿರೋದು ಅಷ್ಟೇ."