ಚಾವಿ ಅಕ್ಕ ಕಲಿತ ಕ್ಲೌಡ್

ಊರಿನ ಪೂರ್ವ ಭಾಗದ ನಲವತ್ತಮೂರು ಬೀದಿಗಳಿಗೆ ಇಪ್ಪತ್ತೆರಡು ವರ್ಷ ನೀರು ಬಿಟ್ಟವಳು ಅವಳು. ಇಲಾಖೆಯ ಕಾಗದದಲ್ಲಿ ಅವಳ ಹುದ್ದೆ ‘ವಾಲ್ವ್ ಆಪರೇಟರ್’. ಬೀದಿಯವರ ಬಾಯಲ್ಲಿ ಚಾವಿ ಅಕ್ಕ. ಭುಜದೆತ್ತರದ ಕಬ್ಬಿಣದ ಚಾವಿಯನ್ನು ಹೆಗಲಿಗೇರಿಸಿ ನಸುಕಿನಲ್ಲೇ ಹೊರಡುತ್ತಿದ್ದಳು. ರಸ್ತೆ ನಡುವಿನ ಮುಚ್ಚಳ ಸರಿಸಿ, ಚಾವಿ ಇಳಿಸಿ, ಎಷ್ಟು ಸುತ್ತು ತಿರುಗಿಸಿದರೆ ಕಟ್ಟಕಡೆಯ ಮನೆಗೂ ನೀರು ಏರುತ್ತದೆ ಎಂಬುದು ಅವಳ ತೋಳಿಗೆ ಗೊತ್ತಿತ್ತು. ಅರ್ಧ ಸುತ್ತು ತಪ್ಪಿದರೂ ಸಾಕು, ಕೆಳಬೀದಿಯವರ ತೊಟ್ಟಿ ಉಕ್ಕುತ್ತಿತ್ತು, ಮೇಲ್ಬೀದಿಯವರ ಸಿಟ್ಟು ಉಕ್ಕುತ್ತಿತ್ತು.

ಮಂಡಿ ಕೈಕೊಟ್ಟ ಮೇಲೆ ಎಂಜಿನಿಯರ್ ಅವಳನ್ನು ನಕ್ಷೆ ಕೋಣೆಗೆ ಹಾಕಿದರು. ಬಟ್ಟೆ ಅಂಟಿಸಿದ ಹಳೆಯ ನಕ್ಷೆಗಳು, ಉದ್ದನೆಯ ತಗಡಿನ ಕೊಳವೆಗಳು, ಸೀಲಿಂಗಿಗೆ ತಾಗುವ ಕಪಾಟು. ಯಾವ ವಾಲ್ವ್ ಎಲ್ಲಿದೆ, ಯಾವಾಗ ಬದಲಾಯಿತು ಎಂದು ಬರೆದಿಡುವ ಕೆಲಸ. ಎರಡು ವರ್ಷದಲ್ಲಿ ಆ ಕೋಣೆಯನ್ನೂ ಅವಳು ತನ್ನ ಅಡುಗೆಮನೆಯಷ್ಟೇ ಅಚ್ಚುಕಟ್ಟು ಮಾಡಿದಳು. ಆಗಲೇ ಆದೇಶ ಬಂತು: ನಕ್ಷೆಗಳೂ ವಾಲ್ವ್ ಪಟ್ಟಿಯೂ ಎಲ್ಲ ‘ಕ್ಲೌಡ್’ಗೆ ಹೋಗಬೇಕು. ಸಿಬ್ಬಂದಿಗೆ ಮೂರು ದಿನ ತರಬೇತಿ.

ಮೊದಲ ದಿನ ಮಹಡಿಯ ಸಭಾಕೋಣೆಯಲ್ಲಿ ಹದಿನೆಂಟು ಜನ ಕೂತರು. ಕಲಿಸಲು ಬಂದಾಕೆಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು, ಗಂಟಲು ಕಟ್ಟಿತ್ತು. ಪಾಪ, ಬಿಸಿನೀರು ಕುಡಿಯುತ್ತ ಕುಡಿಯುತ್ತ ಗೋಡೆಯ ಪರದೆಯ ಮೇಲೆ ಒಂದೊಂದೇ ಪದ ತೋರಿಸಿದಳು. ಸರ್ವರ್, ಇನ್‌ಫ್ರಾಸ್ಟ್ರಕ್ಚರ್, ಪ್ಲಾಟ್‌ಫಾರ್ಮ್, ಸಾಫ್ಟ್‌ವೇರ್. ಪಬ್ಲಿಕ್, ಪ್ರೈವೇಟ್, ಹೈಬ್ರಿಡ್. ಚಾವಿ ಅಕ್ಕ ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡಳು. ಒಂದೂ ತಲೆಗೆ ಇಳಿಯಲಿಲ್ಲ.

ಮೀಟರ್ ರೀಡರ್ ಒಬ್ಬ, ಮಾತಿನ ಮಲ್ಲ, ಹಿಂದಿನ ಸಾಲಿನಿಂದ ಕೂಗಿದ: “ಅಕ್ಕಾ, ಮೋಡಕ್ಕೆ ಯಾವ ಚಾವಿ ಹಾಕ್ತೀರಾ? ಏಣಿ ಬೇಕಾದ್ರೆ ನಾನು ಹಿಡ್ಕೋತೀನಿ!”

ಕೋಣೆಯೆಲ್ಲ ನಕ್ಕಿತು. ಅವಳೂ ನಕ್ಕಳು. ಆದರೆ ಮೆಟ್ಟಿಲಿಳಿಯುವಾಗ ಮಂಡಿಗಿಂತ ಹೆಚ್ಚು ಮನಸ್ಸು ನೋಯುತ್ತಿತ್ತು.

ಮನೆಯಲ್ಲಿ ಗಂಡ ಕ್ಷೌರದಂಗಡಿಯಿಂದ ಬಂದು ಕಾಲು ಚಾಚಿ ಕೂತಿದ್ದ. ಅತ್ತೆ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಚಾವಿ ಅಕ್ಕ ಚೀಲವನ್ನು ಮೂಲೆಗೆಸೆದಳು.

“ನನ್ನ ಕೈಲಾಗಲ್ಲ. ಕಪಾಟು ಬೇಡ, ಕಾಗದ ಬೇಡ, ಎಲ್ಲ ಮೋಡದಲ್ಲಿ ಇರತ್ತಂತೆ. ಯಾರದೋ ಯಂತ್ರ, ಎಲ್ಲೋ ಇರತ್ತಂತೆ. ನಾವು ಬೇಕಾದಷ್ಟು ಬಳಸ್ಕೊಂಡು, ಬಳಸಿದಷ್ಟಕ್ಕೆ ದುಡ್ಡು ಕೊಡೋದಂತೆ.”

ಅತ್ತೆ ತಲೆಯೆತ್ತಲಿಲ್ಲ. “ಅದರಲ್ಲೇನೇ ಹೊಸದು? ನೀನು ಇಷ್ಟು ವರ್ಷ ಜನಕ್ಕೆ ಕೊಟ್ಟಿದ್ದೂ ಅದೇ ಅಲ್ವಾ? ಯಾವ್ದೋ ಕೆರೆ, ಯಾವ್ದೋ ಪಂಪು. ನಲ್ಲಿ ತಿರುಗಿಸಿದ್ರೆ ಬರತ್ತೆ, ತಿಂಗಳಿಗೆ ಬಿಲ್ ಬರತ್ತೆ.”

ಗಂಡ ನಕ್ಕ: “ಅಮ್ಮನ್ನೇ ಕಳಿಸು ನಾಳೆ ತರಬೇತಿಗೆ.”

ಚಾವಿ ಅಕ್ಕ ಮಾತ್ರ ನಗಲಿಲ್ಲ. ಚೀಲದಿಂದ ನೋಟ್‌ಬುಕ್ ತೆಗೆದು, ಅಡುಗೆ ಕಟ್ಟೆಯ ಮೇಲೇ ಇಟ್ಟುಕೊಂಡು, ಬರೆದ ಪ್ರತಿ ಪದದ ಎದುರಿಗೂ ನೀರಿನ ಒಂದೊಂದು ಪದ ಬರೆಯತೊಡಗಿದಳು. ಒಲೆಯ ಮೇಲಿನ ಸಾರು ಉಕ್ಕಿದ್ದು ಅತ್ತೆ ಹೇಳಿದ ಮೇಲೆ ಗೊತ್ತಾಯಿತು.

ಎರಡನೆಯ ದಿನ ತರಬೇತಿಯಾಕೆಯ ದನಿ ಪೂರ್ತಿ ಕೂತೇ ಹೋಗಿತ್ತು. “ನಿನ್ನೆ ಹೇಳಿದ್ದು ಯಾರಿಗಾದ್ರೂ ಅರ್ಥ ಆಯ್ತಾ?” ಎಂದು ಪಿಸುಗುಟ್ಟಿದಳು. ಎಲ್ಲರೂ ಮೇಜು ನೋಡಿದರು. ಚಾವಿ ಅಕ್ಕ ಎದ್ದು ನಿಂತಳು.

“ನಾನು ತಿಳ್ಕೊಂಡಿದ್ದು ಹೇಳ್ಲಾ ಮೇಡಂ? ತಪ್ಪಿದ್ರೆ ತಿದ್ದಿ. ಮನೆ ಹಿತ್ತಲಲ್ಲಿ ನಾವೇ ಬಾವಿ ತೋಡಿಸಿ, ಪಂಪು ಇಟ್ಕೊಂಡು, ಕೆಟ್ರೆ ನಾವೇ ರಿಪೇರಿ ಮಾಡಿಸೋದು. ಅದು ಸ್ವಂತ ಸರ್ವರ್. ಇನ್ನು ಇಲಾಖೆ ಗೇಟಿನ ತನಕ ಪೈಪು ತಂದು ಕೊಡತ್ತೆ. ತೊಟ್ಟಿ, ಒಳಗಿನ ಪೈಪು, ನಲ್ಲಿ ಎಲ್ಲ ನಮ್ಮದು. ಅದು ಇನ್‌ಫ್ರಾಸ್ಟ್ರಕ್ಚರ್ ಸೇವೆ.”

ತರಬೇತಿಯಾಕೆ ಕುರ್ಚಿ ಎಳೆದುಕೊಂಡು ಕೂತಳು. “ಹೇಳಿ, ಹೇಳಿ.”

“ತೊಟ್ಟಿ, ನಲ್ಲಿ, ಒಲೆ ಎಲ್ಲ ಇರೋ ಬಾಡಿಗೆ ಮನೆ. ಹೋಗಿ ನಮ್ಮ ಅಡುಗೆ ನಾವು ಮಾಡ್ಕೊಳ್ಳೋದಷ್ಟೇ. ಅದು ಪ್ಲಾಟ್‌ಫಾರ್ಮ್. ಹೋಟೆಲಲ್ಲಿ ಕೂತ್ರೆ ಊಟ, ನೀರು ಎಲ್ಲ ಮೇಜಿಗೇ ಬರತ್ತೆ. ಅದು ಸಾಫ್ಟ್‌ವೇರ್ ಸೇವೆ. ಬೀದಿ ಪೈಪು ಎಲ್ಲರದ್ದು, ಪಬ್ಲಿಕ್. ಒಂದೇ ಕಟ್ಟಡಕ್ಕೆ ಅಂತ ಕಟ್ಟಿದ ಟ್ಯಾಂಕು ಪ್ರೈವೇಟ್. ಎರಡೂ ಇಟ್ಕೊಂಡೋನು ಜಾಣ, ಅವನು ಹೈಬ್ರಿಡ್. ನೆಂಟರು ಬಂದ ದಿನ ನಲ್ಲಿ ಜಾಸ್ತಿ ತಿರುಗಿಸ್ತೀವಿ, ಹೋದ ಮೇಲೆ ಕಮ್ಮಿ ಮಾಡ್ತೀವಿ. ಅದೇ ನೀವು ನಿನ್ನೆ ಹೇಳಿದ ಸ್ಕೇಲಿಂಗು.”

ಅವಳು ಹಿಂದಿನ ಸಾಲಿಗೆ ತಿರುಗಿದಳು. “ಏಣಿ ಬೇಕಾಗಲಿಲ್ಲ ಕಣಪ್ಪ. ಮೀಟರ್ ನೋಡೋಕೆ ನಿನ್ನನ್ನ ಕರೀತೀನಿ.”

ಈ ಸಲ ನಗು ಅವಳ ಪಾಲಿಗಿತ್ತು. ಮೀಟರ್ ರೀಡರ್ ಎದ್ದು ನಿಂತು ಕೈಮುಗಿದ. ಉಳಿದ ತರಗತಿಯನ್ನು ತರಬೇತಿಯಾಕೆ ಪರದೆಯ ಮೇಲೆ ಪದ ತೋರಿಸುತ್ತ, ಚಾವಿ ಅಕ್ಕ ವಿವರಿಸುತ್ತ ಇಬ್ಬರೂ ಸೇರಿ ಮುಗಿಸಿದರು.

ಮೂರನೆಯ ದಿನ ಎಂಜಿನಿಯರ್ ಬಂದರು. ಜೊತೆಗೆ ಸೇವೆ ಒದಗಿಸುವ ಕಂಪನಿಯ ಪ್ರತಿನಿಧಿ, ಇಸ್ತ್ರಿ ಮಾಡಿದ ಅಂಗಿ, ಇಸ್ತ್ರಿ ಮಾಡಿದ ಮಾತು. “ನಿಮಗೆ ಸಿದ್ಧ ಸಾಫ್ಟ್‌ವೇರೇ ಸರಿ ಸಾರ್. ಲಾಗಿನ್ ಆಗಿ, ಬಳಸಿ. ಉಳಿದಿದ್ದೆಲ್ಲ ನಾವೇ ನೋಡ್ಕೋತೀವಿ.”

‘ಎಲ್ಲ’ ಎಂಬ ಪದ ಚಾವಿ ಅಕ್ಕನ ಕಿವಿಗೆ ಚುಚ್ಚಿತು. ನೀರಿನ ಕೆಲಸದಲ್ಲಿ ಅಂಥ ಪದವೇ ಇಲ್ಲ. ಮೀಟರಿನವರೆಗೆ ಇಲಾಖೆಯದು, ಅದರಾಚೆ ಮನೆಯವರದು. ಈ ಗೆರೆ ಗೊತ್ತಿಲ್ಲದೆ ಎಷ್ಟು ಜಗಳ ಅವಳು ಕಂಡಿಲ್ಲ!

“ಎಲ್ಲ ಅಂದ್ರೆ ಎಲ್ಲಿ ತನಕ ಸಾರ್?” ಎಂದಳು. “ನಮ್ಮೋರೇ ಯಾರಾದ್ರೂ ಕೈತಪ್ಪಿ ಪಟ್ಟಿ ಅಳಿಸಿದ್ರೆ ವಾಪಸ್ ತರೋರು ಯಾರು? ಕೆಲಸ ಬಿಟ್ಟು ಹೋದೋನ ಪಾಸ್‌ವರ್ಡ್ ತೆಗೆಯೋರು ಯಾರು?”

ಪ್ರತಿನಿಧಿ ಕೆಮ್ಮಿದ. “ಅದು... ಮಾಹಿತಿ ನಿಮ್ಮದು ಅಲ್ವಾ ಅಮ್ಮ. ಯಂತ್ರ, ಸಾಫ್ಟ್‌ವೇರು ನಡೆಯೋ ಹಾಗೆ ನೋಡ್ಕೊಳ್ಳೋದು ನಮ್ಮ ಹೊಣೆ. ಯಾರನ್ನ ಒಳಗೆ ಬಿಡೋದು, ಇನ್ನೊಂದು ಪ್ರತಿ ಇಡೋದು ನಿಮ್ಮ ಹೊಣೆ. ಒಪ್ಪಂದದಲ್ಲೇ ಇದೆ.”

“ಹಾಗಾದ್ರೆ ‘ಎಲ್ಲ’ ಅನ್ಬೇಡಿ.”

ಎಂಜಿನಿಯರ್ ಕನ್ನಡಕ ತೆಗೆದು ಅವಳನ್ನೇ ನೋಡಿದರು. ಅದೇ ಮಧ್ಯಾಹ್ನ ಒಂದು ಹಾಳೆಯಲ್ಲಿ ಗೆರೆ ಎಳೆದು ಕಂಪನಿಯ ಹೊಣೆ ಒಂದು ಕಡೆ, ಇಲಾಖೆಯ ಹೊಣೆ ಇನ್ನೊಂದು ಕಡೆ ಬರೆಸಿದರು. ಇಲಾಖೆಯ ಕಡೆಗೆ ಅವಳ ಹೆಸರು ಬಿತ್ತು. ಅಂದಿನಿಂದ ಪ್ರತಿ ಶನಿವಾರ ಅವಳು ಇಡೀ ಪಟ್ಟಿಯ ಪ್ರತಿ ತೆಗೆದು ಬೇರೆಡೆ ಇಡುತ್ತಿದ್ದಳು. ಯಾರೂ ಕೇಳುತ್ತಿರಲಿಲ್ಲ, ಅವಳು ತಪ್ಪಿಸುತ್ತಿರಲಿಲ್ಲ.

ನಾಲ್ಕನೆಯ ತಿಂಗಳು, ಒಂದು ಸೋಮವಾರ ಬೆಳಗ್ಗೆ ಹತ್ತಕ್ಕೆ ಮೀಟರ್ ರೀಡರ್ ಬೆವರುತ್ತ ಓಡಿಬಂದ. ಒಂದು ಬೀದಿಯ ವಿವರ ತಿದ್ದಲು ಹೋಗಿ ಇಡೀ ಉತ್ತರ ಭಾಗವನ್ನೇ ಅಳಿಸಿದ್ದ. ಆರುನೂರಹನ್ನೆರಡು ವಾಲ್ವ್. ಶುಕ್ರವಾರವಷ್ಟೇ ಹೊಸದಾಗಿ ಸೇರಿಸಿದ್ದವೂ ಉಳಿದಿರಲಿಲ್ಲ. ಕಂಪನಿಗೆ ಫೋನ್ ಮಾಡಿದರೆ, ಅಳಿಸಿದ್ದು ನೀವು, ನಮ್ಮಿಂದ ಸಾಧ್ಯವಿಲ್ಲ ಎಂಬ ಉತ್ತರ. ಹತ್ತೂಕಾಲಿಗೆ ಆಸ್ಪತ್ರೆ ರಸ್ತೆಯಲ್ಲಿ ಮುಖ್ಯ ಪೈಪು ಒಡೆದ ದೂರೂ ಬಂತು. ಅದೂ ಉತ್ತರ ಭಾಗವೇ.

“ಅಕ್ಕಾ, ನನ್ನ ಕೆಲಸ ಹೋಯ್ತು,” ಎಂದ ಅವನು.

“ಕೂತ್ಕೋ. ನೀರು ಕುಡಿ. ಪರದೆ ಮುಟ್ಬೇಡ.”

ಶನಿವಾರದ ಪ್ರತಿಯನ್ನು ತೆರೆದು, ಆಸ್ಪತ್ರೆ ರಸ್ತೆಯ ವಾಲ್ವ್‌ಗಳ ಪಟ್ಟಿಯನ್ನು ಮೊದಲು ರಿಪೇರಿ ತಂಡದ ಫೋನಿಗೆ ಕಳಿಸಿದಳು. ಆಮೇಲೆ ಇಡೀ ಪಟ್ಟಿಯನ್ನು ವಾಪಸ್ ಏರಿಸಿದಳು. ಹತ್ತೂಮುಕ್ಕಾಲಿಗೆ ತಂಡದವರು ವಾಲ್ವ್ ಮುಚ್ಚಿದರು, ರಸ್ತೆಗೆ ನುಗ್ಗುತ್ತಿದ್ದ ನೀರು ನಿಂತಿತು. ಹನ್ನೊಂದಕ್ಕೆ ಆರುನೂರಹನ್ನೆರಡೂ ಪರದೆಯ ಮೇಲಿದ್ದವು. ಅವಳು ಎರಡು ಸಲ ಎಣಿಸಿ ನೋಡಿದಳು. ಎಂಜಿನಿಯರ್ ಓಡಿಬರುವಷ್ಟರಲ್ಲಿ ಚಹಾ ಹೀರುತ್ತಿದ್ದಳು. “ಯಾರು ಅಳಿಸಿದ್ದು?” ಎಂದು ಅವರು ಕೇಳಿದ್ದಕ್ಕೆ, “ಅದಕ್ಕೆ ಅಂತಾನೇ ಇನ್ನೊಂದು ಪ್ರತಿ ಇಡೋದು ಸಾರ್,” ಎಂದಳು. ಅಷ್ಟೇ ಹೇಳಿದಳು.

ಮುಂದಿನ ತಿಂಗಳು ಇಲಾಖೆಯ ಉಳಿದ ಆರು ವಿಭಾಗಗಳ ತರಬೇತಿಗೆ ಅವಳನ್ನೇ ಕಳಿಸಿದರು. ಸುತ್ತೋಲೆಯಲ್ಲಿ ಅವಳ ಹೆಸರಿನ ಮುಂದೆ ‘ತರಬೇತುದಾರರು’ ಎಂದಿತ್ತು. ಗಂಡ ಅದರ ನಕಲನ್ನು ಅಂಗಡಿಯ ಕನ್ನಡಿಯ ಪಕ್ಕ ಅಂಟಿಸಿ, ಗಡ್ಡಕ್ಕೆ ನೊರೆ ಹಚ್ಚಿಸಿಕೊಂಡು ಬಾಯಿಬಿಡಲಾಗದೆ ಕೂತವರಿಗೆಲ್ಲ ಓದಿ ಹೇಳಿದ.

ಮೂರನೆಯ ವಿಭಾಗದಲ್ಲಿ, ನಿವೃತ್ತಿಗೆ ಒಂದೇ ವರ್ಷವಿದ್ದ ವಾಲ್ವ್‌ಮನ್ ಒಬ್ಬರು ಕೈಯೆತ್ತಿದರು. “ಅಮ್ಮಾ, ನಾಳೆ ಈ ಕಂಪನಿ ಬಿಟ್ಟು ಇನ್ನೊಂದಕ್ಕೆ ಹೋದ್ರೆ, ನಮ್ಮ ನಕ್ಷೆ ಹಾಗೇ ಆ ಕಡೆ ಕೂರತ್ತಾ?”

“ಒಳ್ಳೆ ಪ್ರಶ್ನೆ. ನಂಗೆ ಗೊತ್ತಿಲ್ಲ,” ಎಂದಳು ಚಾವಿ ಅಕ್ಕ. ಮೂವತ್ತು ಜನರೆದುರು ಹಾಗೆನ್ನುವಾಗ ಅವಳ ದನಿ ಒಂದಿಷ್ಟೂ ಅಳುಕಲಿಲ್ಲ. “ಬರ್ಕೋತೀನಿ. ನಾಳೆ ಬೆಳಗ್ಗೆ ಉತ್ತರ ತಂದೇ ಇಲ್ಲಿ ನಿಲ್ತೀನಿ.”